ಎರಡೆರಡು ಸಲ ಉಂಡ ಮೀನು

ರೀ,

ನೀವು ನೈಟ್ ಶಿಫ್ಟ್ ಮುಗಿಸಿ ಬರೋ ಹೊತ್ತಿಗೆ ನಾನು ಹಲಸೂರಿನ ಬಸ್ ಹತ್ತಿರ್ತೀನಿ. ಚಪಾತಿ ಡಬ್ಬೀಲಿದೆ, ಪಲ್ಯ ಬಿಸಿ ಮಾಡ್ಕೊಳ್ಳಿ.

ಮೀನಿಗೆ ಊಟ ಹಾಕ್ಬೇಡಿ, ನಾನು ಹಾಕಿದೀನಿ. ಉಪ್ಪುನೀರಿನ ಟ್ಯಾಂಕಲ್ಲಿ ಪಾಚಿ ಯಾಕೆ ಹಿಂಗೆ ಬೆಳೀತಿದೆ ಅಂತ ನಿನ್ನೆ ಮೀನಿನ ಅಂಗಡಿಯವ್ರನ್ನ ಕೇಳ್ದೆ. ‘ದಿನಕ್ಕೆ ಎಷ್ಟು ಸಲ ಊಟ ಹಾಕ್ತೀರಮ್ಮ?’ ಅಂದ್ರು. ಒಂದೇ ಸಲ ಅಂದೆ. ಬಸ್ಸಲ್ಲಿ ಕೂತ್ಮೇಲೆ ಹೊಳೀತು: ಹೋಗೋವಾಗ ನಾನೊಂದು ಸಲ, ಬಂದ್ಮೇಲೆ ನೀವೊಂದು ಸಲ! ವರ್ಷದಿಂದ ಇದೇ ನಡೀತಿದೆ, ಇಬ್ರಿಗೂ ಗೊತ್ತೇ ಇಲ್ಲ. ನಮ್ಮಿಬ್ರನ್ನೂ ದಿನಾ ನೋಡೋದು ಆ ಮೀನೊಂದೇ.

ನೀವು ವಾರವಾರ ನೀರು ಟೆಸ್ಟ್ ಮಾಡಿ ‘ನೈಟ್ರೇಟ್ ಸೊನ್ನೆ, ಎಲ್ಲಾ ಚೆನ್ನಾಗಿದೆ’ ಅಂತ ಕ್ಯಾಲೆಂಡರ್ ಮೇಲೆ ಬರೀತೀರಲ್ಲ, ಅದನ್ನ ನಂಬ್ಬೇಡಿ. ಮಿಕ್ಕ ಊಟ ಕೊಳೆತು ಬರೋ ನೈಟ್ರೇಟನ್ನೆಲ್ಲ ಪಾಚೀನೇ ಹೀರ್ಕೊಳ್ತಿದೆಯಂತೆ, ಅದಕ್ಕೇ ನೀರಲ್ಲಿ ಏನೂ ಕಾಣ್ಸಲ್ಲ. ಔಷಧಿ ಹಾಕಿ ಸಾಯಿಸ್ಲೂಬೇಡಿ. ಸತ್ರೆ ಹೀರಿದ್ದನ್ನೆಲ್ಲ ಒಟ್ಟಿಗೆ ಕಕ್ಕುತ್ತಂತೆ. ಕೈಯಲ್ಲೇ ಕಿತ್ತು ಹೊರಗೆ ಹಾಕ್ಬೇಕು.

ಒಬ್ರೇ ಕೀಳ್ಬೇಡಿ. ಈ ಭಾನುವಾರ ಬಂದೋರೇ ಮಲಗ್ಬಿಡ್ಬೇಡಿ, ನನ್ನ ಎಬ್ಬಿಸಿ. ಬಕೆಟ್ ಹಿಡ್ಕೊಳ್ಳೋಕಾದ್ರೂ ಎಬ್ಬಿಸಿ.

ಪ್ರತಿಭಾ