ತೊಳೆದಿಟ್ಟ ಪಾತ್ರೆ

ಮಲಾಡ್, ಸೋಮವಾರ

ಸಣ್ಣ ಧಣಿ ಪ್ರೀತಮರಿಗೆ ಅಡುಗೆಯ ಸದಾನಂದನ ನಮಸ್ಕಾರ.

ಮ್ಯಾನೇಜ್‌ಮೆಂಟ್ ಕ್ಲಾಸಿನಿಂದ ಬಂದವರೇ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಬೋರ್ಡು ಹಾಕಿಸಿದಿರಿ: ‘ಪ್ರತಿಸ್ಪರ್ಧಿಗೆ ಒಂದು ಲೋಟ ಹಾಲೂ ಕೊಡಕೂಡದು.’ ಎದುರು ಹೋಟೆಲಿನ ರುಕ್ಮಯಣ್ಣ ಹಾಲು ಕೇಳಿದಾಗ, ಇಷ್ಟು ವರ್ಷಗಳಲ್ಲಿ ಮೊದಲ ಸಲ ಇಲ್ಲ ಎಂದೆ.

ಶನಿವಾರ ನಮ್ಮ ಗ್ರೈಂಡರ್ ಕೆಟ್ಟಿತು. ನಿಮಗೆ ನಾಲ್ಕು ಸಲ ಫೋನ್ ಮಾಡಿದೆ. ನೀವು ಬಾಂದ್ರಾದಲ್ಲಿ ಮೀಟಿಂಗಿನಲ್ಲಿದ್ದಿರಿ. ಸುದ್ದಿ ತಿಳಿದು ರುಕ್ಮಯಣ್ಣನೇ ಇಡ್ಲಿ ಹಿಟ್ಟು ಹೊತ್ತು ತಂದರು. “ಗಿರಾಕಿ ವಾಪಸ್ ಹೋಗೋದು ಬೇಡ ಮಾರಾಯ” ಎಂದರು.

ಭಾನುವಾರ ನೀವು ಫೋಟೋ ತೆಗೆದು, ‘ಈ ರುಚಿ ಬೇರೆಲ್ಲೂ ಸಿಗದು’ ಎಂದು ಮೊಬೈಲಿನಲ್ಲಿ ಹಾಕಿದ್ದು ಆ ಹಿಟ್ಟಿನ ಇಡ್ಲಿಯನ್ನೇ.

ಹಿಟ್ಟಿನ ಪಾತ್ರೆ ತೊಳೆದಿಟ್ಟಿದ್ದೇನೆ. ನನಗಂತೂ ಅವರಿಗೆ ಮುಖ ತೋರಿಸಲಾಗದು, ನೀವೇ ಕೊಟ್ಟು ಬನ್ನಿ. ಖಾಲಿ ಪಾತ್ರೆ ಕೊಡುವ ಕ್ರಮ ನಮ್ಮಲ್ಲಿಲ್ಲ. ಹಾಲು ತುಂಬಿಸಿ ಕೊಡಿ.

ನಿಮ್ಮ ಅಪ್ಪನ ಕಾಲದಿಂದ ಇಲ್ಲೇ ಇರುವ,
ಸದಾನಂದ