ಎಡಗೈಯವರ ಮ್ಯಾಗ್ನಮ್

ಅಕ್ಟೋಬರ್ ೧೨, ಶನಿವಾರ

ಬಲಗಣ್ಣು ಮಂಜಾಗಿ, ಗುರಿ ಹಿಡಿಯಲು ಎಡಗಣ್ಣೊಂದೇ ಉಳಿದ ಮೇಲೆ ನನ್ನ ಗುರಿಯಾಟ ಮುಗಿಯಿತೆಂದೇ ತಿಳಿದಿದ್ದೆ. ಗೆಳೆಯ ವರ್ಲಿನ್ ಇವತ್ತು ಚಾಲಿಸ್ ಊರಿನ ಬಂದೂಕಿನಂಗಡಿಗೆ ಎಳೆದುಕೊಂಡು ಹೋದ. ಸುಮ್ಮನೆ ಅಗ್ಗದ್ದೊಂದನ್ನು ಎತ್ತಿಕೊಂಡೆ.

"ಇಡೋ ಅದನ್ನ, ಬಲಗೈಯವರದ್ದು ಅದು. ಎಡಗಣ್ಣಲ್ಲಿ ಗುರಿ ಹಿಡಿಯೋನು ಎಡಭುಜಕ್ಕೇ ಇಡ್ಬೇಕು," ಅಂದ.

ಅಂಗಡಿಯ ಡೆಲ್ಫಾ ಒಳಗಿನಿಂದ ಎಡಗೈಯವರ ಪಾಯಿಂಟ್ ಟೂಟೂ ಮ್ಯಾಗ್ನಮ್ ಎಂಬ ಸಣ್ಣ ಗುಂಡಿನ ಬಂದೂಕು ತಂದಳು. "ನೂರು ಗಜ ದೂರದ ಡಬ್ಬಿಗೂ ಸಾಕು, ಭುಜಕ್ಕೆ ಒದೆಯೋದೂ ಇಲ್ಲ. ಇದನ್ನ ತರ್ಸು ಅಂತ ಈ ಪುಣ್ಯಾತ್ಮ ಆರು ವಾರ ನನ್ನ ತಲೆ ತಿಂದಿದಾನೆ."

ಅದನ್ನೇ ಕೊಂಡೆ. ಸಂಜೆ ಕಲ್ಲುಗಣಿಯಲ್ಲಿ ಹನ್ನೊಂದು ಗುಂಡಿಗೆ ಒಂದು ಡಬ್ಬಿ ಉರುಳಿಸಿದೆ. ವರ್ಲಿನ್ ತನ್ನ ಬಂದೂಕನ್ನೂ ಎಡಭುಜಕ್ಕೇ ಇಟ್ಟು ಹೊಡೆದ. ಒಂದೂ ತಗಲಲಿಲ್ಲ.

"ನೀನ್ಯಾಕೋ ಎಡಗಡೆ?" ಅಂದೆ.

"ಒಬ್ನೇ ಕಲೀತಿದ್ರೆ ನಿಂಗೆ ಬೇಜಾರಾಗಲ್ವೇನೋ?"

ನಾಳೆ ಬೆಳಿಗ್ಗೆ ಎದ್ದ ಕೂಡಲೇ ಅವನ ಮನೆಗೆ ಹೋಗಿ, ಈ ಸಲ ನಾನೇ ಅವನನ್ನು ಕಲ್ಲುಗಣಿಗೆ ಎಳೆದುಕೊಂಡು ಹೋಗಬೇಕು.