ಅಡಿವೆಪ್ಪಜ್ಜನ ಸಹಿ ಬೀಳದ ಫಾರ್ಮು

ನಾಗರಕಟ್ಟಿ
ಫೆಬ್ರುವರಿ ಮೂವತ್ತು, ೨೧೬೩

ಮಾಜಿ ಹವಾಲ್ದಾರ್ ಅಡಿವೆಪ್ಪ ಕರೆಣ್ಣವರ ಅವರಿಗೆ, ನಿಮ್ಮಿಂದ ಐದನೆಯ ತಲೆಯವಳಾದ ಬಾಳವ್ವ ಮಾಡುವ ಶರಣಾರ್ಥಿಗಳು.

ತಾರೀಖು ನೋಡಿ ಹುಬ್ಬು ಗಂಟಿಕ್ಕಬೇಡಿ, ಅಜ್ಜ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ, ಆಗ ಯಾರೂ ಕೆಲಸ ಮಾಡುವುದೂ ಇಲ್ಲ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಟ್ರಂಕಿನೊಳಗೆ ಹಾಸಿದ್ದ ಹಳೆಯ ಪತ್ರಿಕೆಗಳನ್ನು ಓದಿ ನಿಮ್ಮ ಕಾಲದ ಕನ್ನಡ ಕಲಿತಿದ್ದೇನೆ. ನಡುವೆ ಎಲ್ಲಾದರೂ ಸೀರೆ ಅಂಗಡಿಯ ಜಾಹೀರಾತಿನ ಧಾಟಿ ಬಂದರೆ ಅದು ಆ ಪತ್ರಿಕೆಗಳ ತಪ್ಪು. ಈ ಕಾಗದ ಹಿಂಟಪಾಲಿನಲ್ಲಿ ಬರುತ್ತದೆ. ಹಿಂಟಪಾಲು ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದ. ಜನ ಅದನ್ನು ಜೋಪಾನವಾಗಿ ಇಟ್ಟುಕೊಂಡು, ಮಾತನಾಡದೆ ಕಳೆದುಕೊಂಡ ತಂದೆಗೋ ತಾಯಿಗೋ ಬರೆಯುತ್ತಾರೆ. ನಾನು ನನ್ನದನ್ನು ಹೊಟ್ಟೆಕಿಚ್ಚಿಗೆ ಖರ್ಚು ಮಾಡುತ್ತಿದ್ದೇನೆ.

ಹೌದು, ಹೊಟ್ಟೆಕಿಚ್ಚು. ನಿಮ್ಮ ಹತ್ತಿರ ಮುಚ್ಚಿಡುವುದೇನು? ನಿಮ್ಮ ಗೆಳೆಯ ನಾಯಕ್ ದುಂಡಪ್ಪ ಹೂಲಿಕಟ್ಟಿಯವರ ವಂಶದ ತುಂಗಕ್ಕ ನಮ್ಮ ಪಕ್ಕದ ಓಣಿಯಲ್ಲಿದ್ದಾಳೆ. ನನ್ನ ವಾರಿಗೆಯವಳು, ಒಟ್ಟಿಗೆ ಓದಿದವಳು. ಐವತ್ತು ವರ್ಷದಿಂದ ನಾನು ಅವಳನ್ನು ನೋಡಿ ಕುದಿಯುತ್ತಿದ್ದೇನೆ.

ನಮ್ಮ ಊರು ಹೇಗಿದೆ ಎಂದು ಸ್ವಲ್ಪ ಹೇಳಬೇಕು. ಬಿಸಿಲು ಈಗ ನಿಮ್ಮ ಕಾಲದ ಬಿಸಿಲಲ್ಲ. ಮನೆಗಳ ಅರ್ಧ ನೆಲದೊಳಗಿದೆ. ಬೆಳಿಗ್ಗೆ ಹತ್ತಕ್ಕೆ ಮೆಟ್ಟಿಲಿಳಿದವರು ಸಂಜೆ ಐದಕ್ಕೇ ಹತ್ತುವುದು. ಓಣಿಗಳ ಮೇಲೆ ಒಂದು ಮಾಡಿನಿಂದ ಇನ್ನೊಂದು ಮಾಡಿಗೆ ನೆರಳುಬಟ್ಟೆ ಕಟ್ಟಿರುತ್ತೇವೆ. ಅದು ಬಿಸಿಲನ್ನು ತಡೆದು ಗಾಳಿಯನ್ನು ಬಿಡುವ ದಪ್ಪ ಬಟ್ಟೆ. ವರ್ಷಕ್ಕೆ ಎರಡು ಸಲ ಹರಿಯುತ್ತದೆ, ಹರಿದದ್ದನ್ನು ಹೊಲಿಯಬೇಕು. ನಮ್ಮ ಓಣಿಯದನ್ನು ನಾನು ಹೊಲಿಯುತ್ತೇನೆ, ಆ ಓಣಿಯದನ್ನು ತುಂಗಕ್ಕ. ಅವಳ ಹೊಲಿಗೆ ಹತ್ತು ವರ್ಷ ಬಾಳುತ್ತದೆ ಎಂದು ಊರೆಲ್ಲ ಹೇಳುತ್ತದೆ. ನನ್ನ ಹೊಲಿಗೆಯ ಬಗ್ಗೆ ಊರು ಏನೂ ಹೇಳುವುದಿಲ್ಲ. ರೊಟ್ಟಿ ಮಾತ್ರ ನಿಮ್ಮದೇ, ಜೋಳದ್ದು. ಜೋಳ ಮೊಣಕಾಲೆತ್ತರ ಬೆಳೆಯುತ್ತದೆ ಅಷ್ಟೆ. ತುಂಗಕ್ಕನ ರೊಟ್ಟಿ ನನ್ನ ರೊಟ್ಟಿಗಿಂತ ತೆಳುವು, ಅದನ್ನೂ ಹೇಳಿಬಿಡುತ್ತೇನೆ.

ಇದನ್ನೆಲ್ಲ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಕರೆಯ ದಿನ. ಸಂಕ್ರಾಂತಿಯ ಮರುದಿನ ಊರ ನಡುವಿನ ಓದುಗಟ್ಟೆಯ ಮೇಲೆ ನಿಂತು, ಈ ಊರಿನಿಂದ ಫೌಜಿಗೆ ಹೋಗಿ ಬಂದವರ ಹೆಸರನ್ನು ಒಂದೊಂದಾಗಿ ಓದುತ್ತಾರೆ. ಹೆಸರಿನ ಜೊತೆ ಸೇವಾ ಪುಸ್ತಕದಲ್ಲಿ ಬರೆದಿರುವ ಪದಕ, ಪ್ರಶಂಸೆ ಎಲ್ಲವನ್ನೂ ಓದುತ್ತಾರೆ. ಓದುವಷ್ಟು ಹೊತ್ತು ಆ ಮನೆಯವರು ಎದ್ದು ನಿಲ್ಲಬೇಕು. ನಮ್ಮ ಕಾಲದಲ್ಲಿ ಬರೆದದ್ದೇ ಪದಕ. ಬಾಯಿಮಾತಿಗೆ ಬೆಲೆ ಇಲ್ಲ. ದುಂಡಪ್ಪನವರ ಹೆಸರಿಗೆ ಗಾಯದ ಪದಕ, ಹಿಮಠಾಣೆಯ ಸೇವಾ ಪದಕ, ದೊಡ್ಡ ಸಾಹೇಬರ ಪ್ರಶಂಸೆ, ಮತ್ತೆ ಅದರ ವಿವರ. ಅದನ್ನು ಓದಿ ಮುಗಿಸುವಷ್ಟರಲ್ಲಿ ಕೂಸಿಗೆ ಹಾಲು ಕುಡಿಸಿ ಮಲಗಿಸಬಹುದು. ತುಂಗಕ್ಕ ಅಷ್ಟು ಹೊತ್ತೂ ಸೆರಗು ಹೊದ್ದು ನಿಂತಿರುತ್ತಾಳೆ. ಮುಂದಿನದು ನಮ್ಮ ಮನೆ. "ಹವಾಲ್ದಾರ್ ಅಡಿವೆಪ್ಪ ಕರೆಣ್ಣವರ, ಸೇವೆ ಹತ್ತೊಂಬತ್ತು ವರ್ಷ." ಮುಗಿಯಿತು. ಅವ್ವನಿಗೆ ತೊಂಬತ್ತೊಂದು ವರ್ಷ, ಮೊಣಕಾಲು ನೋವು. ಅವಳು ಊರುಗೋಲು ಹಿಡಿದು ಅರ್ಧ ಏಳುವಷ್ಟರಲ್ಲಿ ನಮ್ಮ ಸರದಿ ಹೋಗಿಬಿಟ್ಟಿರುತ್ತದೆ. ಕರೆಯ ದಿನ ನಮ್ಮ ಸರದಿಯಲ್ಲಿ ಅವಳು ಪೂರ್ತಿ ನಿಂತದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಅವ್ವನಿಗೆ ವಿಷಯ ಗೊತ್ತು. ಈಗ ನಿಮ್ಮ ತೊಡೆಯ ಮೇಲೆ ಕುಳಿತು ಮೀಸೆ ಎಳೆಯುವ ಮೊಮ್ಮಗಳು ಇದ್ದಾಳಲ್ಲ, ಅವಳೇ ಅವ್ವನ ಅಜ್ಜಿ. ಅವಳ ಬಾಯಿಂದ ಬಂದ ಕಥೆ: ಹಿಮ ಕುಸಿದಾಗ ದುಂಡಪ್ಪನವರ ಸೊಂಟ ಮುರಿಯಿತು, ನೀವು ಅವರನ್ನು ಬೆನ್ನಿಗೆ ಕಟ್ಟಿಕೊಂಡು ಎರಡು ದಿನ ಇಳಿದಿರಿ, ಕೆಳಗೆ ಬಂದ ಮೇಲೆ ನಿಮ್ಮ ಎಡಗಾಲಿನ ಮೂರು ಬೆರಳು ಕಪ್ಪಾಗಿ ಉದುರಿದವು. ಅವರು ಆಸ್ಪತ್ರೆ ಸೇರಿದ್ದರಿಂದ ಅವರ ಕಾಗದ ಆಸ್ಪತ್ರೆಯಲ್ಲಿ ಉಳಿಯಿತು. ನಿಮ್ಮ ಕಾಗದ ಇದ್ದ ಗುಡಾರ ಮರುವಾರ ಹಿಮದಡಿ ಹೋಯಿತು. ಯಾರ ತಪ್ಪೂ ಅಲ್ಲ. ಹೊತ್ತವರ ಪುಸ್ತಕದಲ್ಲಿ ಹಿಮಠಾಣೆಯ ಪದಕವೂ ಇಲ್ಲ, ಪ್ರಶಂಸೆಯೂ ಇಲ್ಲ. ಹೊರಿಸಿಕೊಂಡವರ ಪುಸ್ತಕದಲ್ಲಿ ಎರಡೂ ಇವೆ. "ಹೊತ್ತು ತಂದ ಅನ್ನೂ ಒಂದು ಮಾತು ಕಟ್ಟಿ ಮ್ಯಾಲಿಂದ ಕೇಳಿ ಸಾಯತೇನಿ ಬೇ" ಎಂದು ಅವ್ವ ಪ್ರತಿ ವರ್ಷ ಹೇಳುತ್ತಿದ್ದಳು. ಹೋದ ವರ್ಷ ಹೇಳಿದಾಗ ನನಗೆ ಹೆದರಿಕೆಯಾಯಿತು. ಫೌಜು ಬಿಟ್ಟು ನೂರ ಅರವತ್ತು ವರ್ಷವಾದವರ ಪುಸ್ತಕಕ್ಕೆ ತಿದ್ದುಮನೆಯವರು, ಅಂದರೆ ದಾಖಲೆ ತಿದ್ದುವ ಕಚೇರಿಯವರು, ಮೊಹರು ಹಾಕುತ್ತಾರೆ. ಆಮೇಲೆ ಬ್ರಹ್ಮ ಬಂದರೂ ಒಂದಕ್ಷರ ಸೇರಿಸುವಂತಿಲ್ಲ. ನೀವು ಬಿಟ್ಟದ್ದು ೨೦೦೩ರಲ್ಲಿ. ಬರುವ ಯುಗಾದಿಯ ಸಂಜೆ ನಿಮ್ಮಿಬ್ಬರ ಪುಸ್ತಕಕ್ಕೂ ಮೊಹರು ಬೀಳುತ್ತದೆ.

ಹೀಗಾಗಿ ಹೋದ ದೀಪಾವಳಿಯಲ್ಲಿ ನಿಮ್ಮ ಕರಿ ಟ್ರಂಕನ್ನು ಪೂರ್ತಿ ಖಾಲಿ ಮಾಡಿದೆ. ಬಿಳಿ ಬಣ್ಣದಲ್ಲಿ ನೀವು ಬರೆದ ನಂಬರು ಇನ್ನೂ ಇದೆ. ತಳದ ಪತ್ರಿಕೆಗಳ ಕೆಳಗೆ ಒಂದು ಫಾರ್ಮು ಸಿಕ್ಕಿತು. ನಿಮ್ಮ ನಂಬರು, ಪಲ್ಟನ್ನು, ಬಿಟ್ಟುಹೋದ ಪದಕ, ಪ್ರಶಂಸೆ ಎಲ್ಲವನ್ನೂ ಯಾರೋ ದುಂಡಗಿನ ಅಕ್ಷರದಲ್ಲಿ ತುಂಬಿದ್ದರು. ಸಹಿಯ ಜಾಗದಲ್ಲಿ ಪೆನ್ಸಿಲಿನಿಂದ ಗುಣಿಸು ಗುರುತು, ಇಲ್ಲಿ ಸಹಿ ಮಾಡು ಎಂಬಂತೆ. ಸಹಿ ಇರಲಿಲ್ಲ. ಜೊತೆಗೆ ಮೂರು ಕಾಗದ, ೨೦೦೪, ೨೦೧೧, ೨೦೧೯. ಮೂರೂ ದುಂಡಪ್ಪನವರವು. ಫಾರ್ಮು ತುಂಬಿದವರೂ ಅವರೇ. ಮೊದಲನೆಯ ಕಾಗದದಲ್ಲಿ, "ಅಡಿವೆಪ್ಪಾ, ರೆಕಾರ್ಡ್ ಆಫೀಸಿಗೆ ಹೋಗಿ ಫಾರ್ಮು ತಂದೇನಿ, ಸಾಕ್ಷಿ ನಾನಾಗತೇನಿ, ನೀ ಬರೇ ಸಹಿ ಹಾಕು." ಮೂರನೆಯದರಲ್ಲಿ, "ಹೊತ್ತಾವಂಗ ಇಲ್ಲದ್ದು ನನಗ್ಯಾಕೋ? ಒಂದು ಮಾತರ ಆಡು." ಫಾರ್ಮಿನ ಹಿಂದೆ ನಿಮ್ಮ ಕೈಬರಹ: "ದುಂಡ್ಯಾನ ಸಾಕ್ಷಿ ಮ್ಯಾಲ ಬರೂ ಪದಕ ನನಗ ಬ್ಯಾಡ."

ಅಯ್ಯೋ ಅಜ್ಜ! ನನ್ನ ಹೊಟ್ಟೆಕಿಚ್ಚು ನನ್ನದೇ ಎಂದುಕೊಂಡಿದ್ದೆ. ಅದು ನಿಮ್ಮಿಂದ ಬಂದದ್ದು, ಮೂಗು ಬಂದ ಹಾಗೆ.

ನಾನು ನಿಮಗಿಂತ ಒಳ್ಳೆಯವಳೆಂದು ತಿಳಿಯಬೇಡಿ. ಆ ಮೂರು ಕಾಗದ ಕೊಟ್ಟರೆ ತಿದ್ದುಮನೆಯವರು ಅಂದೇ ತಿದ್ದುತ್ತಾರೆ. ಆದರೆ ಸಾಕ್ಷಿ ನುಡಿದವರ ಕಾಗದ ಅವರ ಪುಸ್ತಕಕ್ಕೂ ಸೇರುತ್ತದೆ, ಓದುಗಟ್ಟೆಯ ಮೇಲೆ ಪೂರ್ತಿ ಓದುತ್ತಾರೆ. ನಮಗೆ ಎರಡು ಸಾಲು ಸಿಕ್ಕರೆ ಹೂಲಿಕಟ್ಟಿಯವರಿಗೆ ಇನ್ನೂ ಮೂರು ಕಾಗದ. ತುಂಗಕ್ಕ ಇನ್ನಷ್ಟು ಹೊತ್ತು ನಿಲ್ಲುತ್ತಾಳೆ. ಅದನ್ನು ನೆನೆಸಿಕೊಂಡು ನಾನು ಕಾಗದಗಳನ್ನು ಜೋಳದ ಡಬ್ಬಿಯಲ್ಲಿ ಹುಗಿದಿಟ್ಟೆ, ನಲವತ್ತು ದಿನ. ಅವ್ವ ದಿನವೂ, "ಟ್ರಂಕಿನ್ಯಾಗ ಏನರ ಸಿಕ್ತೇನು?" ಎಂದು ಕೇಳುತ್ತಿದ್ದಳು. ಏನೂ ಇಲ್ಲ ಎಂದು ಅವಳ ಮುಖ ನೋಡಿಯೇ ಸುಳ್ಳು ಹೇಳಿದೆ. ಒಂದು ಬೆಳಿಗ್ಗೆ ಅವಳು ರೊಟ್ಟಿ ತಟ್ಟಲು ಹಿಟ್ಟು ತೆಗೆಯಲು ಹೋದವಳು ತಪ್ಪಿ ಜೋಳದ ಡಬ್ಬಿಗೆ ಕೈ ಹಾಕಿ ಕಾಗದ ಹಿಡಿದು ಬಂದಳು. ಕಣ್ಣು ಮಂಜಾಗಿದೆ, ಓದಲಾಗುವುದಿಲ್ಲ. "ಇದೇನವ್ವ?" ಎಂದಳು. ನಾನು ಓದಿ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ, ಅದರಿಂದಲೇ ನನಗೆ ಹೆಚ್ಚು ನಾಚಿಕೆಯಾಯಿತು.

ಸಾಕ್ಷಿಯ ಕಾಗದಕ್ಕೆ ಸಾಕ್ಷಿಯ ಮನೆಯವರು ಅಂಗೈ ಒತ್ತಬೇಕೆಂಬುದು ನಿಯಮ. ಹೀಗಾಗಿ ತುಂಗಕ್ಕನ ಮನೆಯ ಮೆಟ್ಟಿಲಿಳಿದೆ. ಕಾಗದ ತೋರಿಸುವ ಮೊದಲೇ ಅವಳು ಅಂದಳು, "ಬಂದ್ಯಾ? ನಾಕು ತಲಿ ಆತು, ನಿಮ್ಮ ಮನಿಯಾವ್ರು ಕೇಳಾಕ ಬರ್ತಾರಂತ ನಾವು ಕಾಯಾಕತ್ತು." ಅಂಗೈ ಒತ್ತಿ, ಮಸಿ ಒರೆಸಿಕೊಳ್ಳುತ್ತ ಇನ್ನೊಂದು ಮಾತು ಹೇಳಿದಳು, ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ಖರೇ ಹೇಳಲೇನು ಬಾಳವ್ವ, ನನಗ ನಿನ್ನ ಕಂಡ್ರ ಹೊಟ್ಟಿ ಉರೀತಿತ್ತು. ನಿಮ್ಮಜ್ಜ ಹೊತ್ತಾವ. ನಮ್ಮಜ್ಜ ಹೊರಿಸಿಕೊಂಡಾವ. ಊರ ಮುಂದ ಅಷ್ಟೊತ್ತು ನಿಂತು ನಾ ಏನಂತ ಎದಿ ಸೆಟಿಸಲಿ? ನೀ ಲಗೂನ ಕುಂದರತಿದ್ದಿ, ಪುಣ್ಯವಂತಿ." ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು, ಆಮೇಲೆ ಅವಳು ಅತ್ತಳು. ನಾನು ಅಳಲಿಲ್ಲ. ಅವಳ ಮನೆಯ ನೆಲ ನಮ್ಮ ಮನೆಯದಕ್ಕಿಂತ ತಂಪಾಗಿದೆಯಲ್ಲ ಎಂದು ಅಷ್ಟರಲ್ಲೇ ಗಮನಿಸಿದ್ದೆ.

ಅಜ್ಜ, ಈ ಸಲದ ಕರೆಯ ದಿನ ನಿಮ್ಮ ಹೆಸರನ್ನು ಪೂರ್ತಿ ಓದಿದರು. ಹಿಮಠಾಣೆಯ ಸೇವಾ ಪದಕ. ಗಾಯಗೊಂಡ ಸಂಗಡಿಗನನ್ನು ಎರಡು ದಿನ ಹೊತ್ತು ತಂದದ್ದಕ್ಕೆ ಪ್ರಶಂಸೆ. ಅವ್ವ ಪೂರ್ತಿ ಎದ್ದು ನಿಂತಳು. ಓದುವುದು ಮುಗಿದ ಮೇಲೂ ನಿಂತೇ ಇದ್ದಳು. ಯಾರೂ ಕುಳಿತುಕೋ ಎನ್ನಲಿಲ್ಲ. ಆಮೇಲೆ ನಿಮ್ಮ ಸಾಕ್ಷಿಯೆಂದು ದುಂಡಪ್ಪನವರ ಮೂರು ಕಾಗದ ಓದಿದರು, ಊರೆಲ್ಲ ಮೂಗು ಒರೆಸಿಕೊಂಡಿತು. ಈ ಸಲವೂ ಅವರದೇ ಉದ್ದ.

ಈಗ ನನ್ನ ಬೇಡಿಕೆ. ಆ ಫಾರ್ಮಿಗೆ ಸಹಿ ಮಾಡಿ ಎಂದು ಕೇಳುವುದಿಲ್ಲ. ನಡೆದದ್ದು ಬದಲಾಗುವುದಿಲ್ಲ, ಇನ್ನೂ ಯಾರೂ ನೋಡದೆ ಇರುವುದು ಮಾತ್ರ ಏನು ಬೇಕಾದರೂ ಆಗಿರಬಹುದು ಎಂದು ಹಿಂಟಪಾಲಿನವರು ಹೇಳುತ್ತಾರೆ. ಫಾರ್ಮನ್ನು ನಾನು ನೋಡಿಬಿಟ್ಟಿದ್ದೇನೆ. ಆದರೆ ತುಂಗಕ್ಕನ ಮನೆಯಲ್ಲಿ ದುಂಡಪ್ಪನವರ ಟ್ರಂಕು ಇದೆ. ಅವರು ಸಾಯುವಾಗ, "ಅಡಿವೆಪ್ಪನ ಹೆಸರು ಪೂರಾ ಓದೂ ತನಕ ಇದನ್ನ ತೆರೀಬ್ಯಾಡ್ರಿ" ಎಂದು ಬೀಗ ಹಾಕಿಸಿದರಂತೆ. ನಾಲ್ಕು ತಲೆಮಾರು ಆ ಮಾತು ನಡೆಸಿಕೊಂಡು ಬಂದಿದ್ದಾರೆ. ನಾನು ಇಷ್ಟು ವರ್ಷ ಉರಿದುಕೊಂಡ ಆ ಪದಕಗಳನ್ನು ಅವರ ಮನೆಯವರೇ ಕಣ್ಣಿನಿಂದ ನೋಡಿಲ್ಲ, ಅವು ಬೀಗದೊಳಗಿವೆ.

ಈ ಕಾಗದ ನಿಮಗೆ ೨೦೨೬ರಲ್ಲಿ ಸೇರುತ್ತದೆ. ದುಂಡಪ್ಪನವರು ಪಕ್ಕದ ಓಣಿಯಲ್ಲೇ ಇದ್ದಾರೆ. ಬರುವ ಜೋಳದ ಸುಗ್ಗಿಯನ್ನು ಅವರು ನೋಡುವುದಿಲ್ಲ, ಇದನ್ನು ಹೇಳಲು ನನಗೆ ಕಷ್ಟವಾಗುತ್ತದೆ. ಅವರ ಮೂರು ಕಾಗದಕ್ಕೆ ನಿಮ್ಮದೊಂದು ಉತ್ತರ ಬರೆಯಿರಿ. ಎರಡೇ ಸಾಲು ಸಾಕು, ಬೈದು ಬರೆದರೂ ಸರಿ. ಕೈಯಾರೆ ಒಯ್ದು ಕೊಡಿ, ಅವರ ಮನೆಯ ಚಹಾ ಕುಡಿದು ಬನ್ನಿ. ಅವರು ಅದನ್ನು ಆ ಟ್ರಂಕಿನಲ್ಲಿ ಇಟ್ಟಿದ್ದರೆ ನಮ್ಮ ಕೈಗೆ ಸಿಗುತ್ತದೆ. ನಿಮ್ಮ ಒಳ್ಳೆಯದಕ್ಕೆ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಅವರ ಮನೆಯಿಂದ ಮೂರು ಕಾಗದ ಓದಿ, ನಮ್ಮ ಮನೆಯಿಂದ ಒಂದೂ ಇಲ್ಲವೆಂದರೆ ನನಗೆ ತಡೆಯಲಾಗುವುದಿಲ್ಲ.

ಯುಗಾದಿಯ ಬೆಳಿಗ್ಗೆ ಬೀಗ ಒಡೆಯುತ್ತೇವೆ, ನಿಮ್ಮ ಉತ್ತರ ಸಿಕ್ಕರೆ ಪುಸ್ತಕಕ್ಕೆ ಸೇರಿಸಲು ಸಂಜೆಯ ಮೊಹರಿನವರೆಗೆ ಹೊತ್ತಿದೆ. ಅವ್ವನನ್ನು ಎತ್ತಿಕೊಂಡಾದರೂ ಅಲ್ಲಿಗೆ ಕರೆದೊಯ್ಯುತ್ತೇನೆ. ಸುತ್ತಿಗೆ ತುಂಗಕ್ಕನ ಕೈಯಲ್ಲಿರುತ್ತದೆ. ಮೊದಲು ಕೈ ಹಾಕುವವಳು ನಾನು, ಹಾಗೆಂದು ಮಾತಾಗಿದೆ.

ನಿಮ್ಮ
ಬಾಳವ್ವ ಕರೆಣ್ಣವರ